ಸುಮ್ನೆ ನಿಲ್ಲೋ ಕೆಲಸ

ಸೈನ್ಯ ಸೇರಿ ಆರು ತಿಂಗಳಾಗಿತ್ತು. ಒಂದು ರಾತ್ರಿ ಅಮ್ಮ ಫೋನಿನಲ್ಲಿ ಕೇಳಿದರು, "ಅಲ್ಲಿ ದಿನಾ ಏನು ಮಾಡ್ತೀಯ?"

"ನಿಂತ್ಕೊಳ್ತೀನಿ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ನಿಲ್ಲೋದಕ್ಕೂ ಟ್ರೇನಿಂಗ್ ಕೊಡ್ತಾರಾ?"

ಕೊಡ್ತಾರೆ. ವಾರಗಟ್ಟಲೆ ಕೊಡ್ತಾರೆ. ಅದಾದ ಮೇಲೂ ಮುಗಿಯೋದಿಲ್ಲ.

ನಾನಿದ್ದದ್ದು ಅಮೆರಿಕ ಸೈನ್ಯದ 3ನೇ ಇನ್‌ಫೆಂಟ್ರಿ ರೆಜಿಮೆಂಟಿನಲ್ಲಿ. ಎಲ್ಲರೂ ಕರೆಯೋದು ಓಲ್ಡ್ ಗಾರ್ಡ್ ಅಂತ. ಹುಟ್ಟಿದ್ದು 1784ರಲ್ಲಿ. ಈಗಲೂ ಸೇವೆಯಲ್ಲಿರುವ ಅಲ್ಲಿನ ಕಾಲಾಳು ರೆಜಿಮೆಂಟುಗಳಲ್ಲಿ ಇದೇ ಹಿರಿಯದು. ಈ ಹೆಸರು ಕೊಟ್ಟವರು ಜನರಲ್ ವಿನ್‌ಫೀಲ್ಡ್ ಸ್ಕಾಟ್, 1847ರ ಮೆಕ್ಸಿಕೋ ಯುದ್ಧದ ಹೊತ್ತಿನಲ್ಲಿ. ನೆಲೆ ವರ್ಜೀನಿಯಾದ ಫೋರ್ಟ್ ಮೈಯರ್. ಅಲ್ಲಿಂದ ಗೋಡೆ ದಾಟಿದರೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ. ಅಮೆರಿಕದ ಅಧ್ಯಕ್ಷರ ಅತಿಥಿಗಳು ಬಂದರೆ ಸಾಲಾಗಿ ನಿಲ್ಲೋದು ನಾವೇ, ಸೈನಿಕರು ಸತ್ತರೆ ಶವಪೆಟ್ಟಿಗೆ ಹೊರೋದೂ ನಾವೇ. ಟೀವಿಯಲ್ಲಿ ಬರೋದು ಮೊದಲನೇ ಕೆಲಸ. ದಿನ ತುಂಬೋದು ಎರಡನೆಯದರಿಂದ.

ಸೇರಿದವರಲ್ಲಿ ಬಹಳಷ್ಟು ಜನ ನನ್ನ ಹಾಗೇ. ಬಂದೂಕು, ಹೆಲಿಕಾಪ್ಟರ್, ಮರುಭೂಮಿ ಅಂತೆಲ್ಲ ಕನಸು ಕಟ್ಟಿಕೊಂಡು ಬಂದವರು. ನಮ್ಮನ್ನು ಆರಿಸಿದ್ದಕ್ಕೆ ದೊಡ್ಡ ಕಾರಣ ಎತ್ತರ, ಅಷ್ಟೇ. ಎತ್ತರದ ಹುಡುಗರು ಸಾಲಿನಲ್ಲಿ ಚೆನ್ನಾಗಿ ಕಾಣ್ತಾರೆ. ನನಗೆ ಅವಮಾನವೇ ಆಗಿತ್ತು. ಬಟ್ಟೆ ಅಂಗಡಿ ಗೊಂಬೆ ಆರಿಸಿದ ಹಾಗೆ ಅನ್ನಿಸಿತ್ತು.

ಮೊದಲ ದಿನದ ಪಾಠ ಇಷ್ಟು. ಹಿಮ್ಮಡಿ ಕೂಡಿಸು. ಪಾದದ ತುದಿ ಅಗಲಿಸು. ಬೆರಳು ಮಡಚಿ, ಹೆಬ್ಬೆರಳನ್ನು ಪ್ಯಾಂಟಿನ ಹೊಲಿಗೆಗೆ ತಾಗಿಸು. ಗಲ್ಲ ಒಳಗೆ. ಕಣ್ಣು ಎದುರಿಗೆ. ಈಗ ಹಾಗೇ ಇರು.

ಹತ್ತು ನಿಮಿಷ ಏನೂ ಅನ್ನಿಸಲ್ಲ. ಹದಿನೈದಕ್ಕೆ ಮೂಗು ತುರಿಸೋಕೆ ಶುರು. ಇಪ್ಪತ್ತಕ್ಕೆ ಬೆನ್ನಿನ ಕೆಳಗೆ ಯಾರೋ ಮೊಳೆ ಹೊಡೆದ ಹಾಗೆ. ಅರ್ಧ ಗಂಟೆಗೆ ಕಾಲು ನಮ್ಮದಲ್ಲ. ಸಾರ್ಜೆಂಟ್ ಸಾಲಿನ ನಡುವೆ ಓಡಾಡುತ್ತಾ ಒಂದೇ ಮಾತು ಹೇಳುತ್ತಿದ್ದರು, "ಮಂಡಿ ಬಿಗಿಬೇಡ." ಮಂಡಿ ಯಾಕೆ ಬಿಗಿಯಬಾರದು ಅಂತ ನಾನು ಕೇಳಲಿಲ್ಲ. ನಾಲ್ಕನೇ ದಿನ ನನಗೇ ಗೊತ್ತಾಯಿತು.

ಆ ದಿನ ಬೆಳಿಗ್ಗೆ ತಿಂಡಿ ಬಿಟ್ಟಿದ್ದೆ. ಶೂ ಪಾಲಿಶ್ ಮುಗಿದಿರಲಿಲ್ಲ, ಅದಕ್ಕೆ. ಬಿಸಿಲಿತ್ತು. ಮೊದಲು ಶಬ್ದಗಳು ದೂರ ಹೋದವು. ಎದುರಿನ ಕಟ್ಟಡದ ಅಂಚು ಬೂದು ಬಣ್ಣಕ್ಕೆ ತಿರುಗಿತು. ಬಾಯಲ್ಲಿ ಏನೋ ಲೋಹದ ರುಚಿ. ಮುಂದಿನ ನೆನಪು ಹುಲ್ಲಿನದು, ಕೆನ್ನೆಯ ಕೆಳಗೆ.

ನಿಂತಾಗ ರಕ್ತ ಕೆಳಗೆ ಇಳಿಯುತ್ತೆ. ಅದನ್ನು ಮತ್ತೆ ಮೇಲಕ್ಕೆ ತಳ್ಳೋದರಲ್ಲಿ ಹೃದಯಕ್ಕೆ ಕಾಲಿನ ಮೀನಖಂಡಗಳ ಸಹಾಯ ಬೇಕು. ನಡೆಯುವಾಗ ಆ ಸ್ನಾಯುಗಳು ಹಿಂಡುತ್ತಾ ಬಿಡುತ್ತಾ ಪಂಪಿನ ಹಾಗೆ ಕೆಲಸ ಮಾಡ್ತವೆ. ಮಂಡಿ ಬಿಗಿದು ಅಲುಗಾಡದೆ ನಿಂತರೆ ಪಂಪು ಬಂದ್. ರಕ್ತ ಕಾಲಲ್ಲೇ ನಿಲ್ಲುತ್ತೆ, ಮೆದುಳಿಗೆ ಕಮ್ಮಿ ಆಗುತ್ತೆ, ಮನುಷ್ಯ ಮರದ ಹಾಗೆ ಬೀಳ್ತಾನೆ. ಬಿದ್ದ ತಕ್ಷಣ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುತ್ತೆ, ಎಚ್ಚರ ಆಗುತ್ತೆ. ದೇಹ ಬಲು ಬುದ್ಧಿವಂತ. ನಮ್ಮನ್ನು ಬೀಳಿಸಿಯೇ ಉಳಿಸುತ್ತೆ.

ಎಚ್ಚರವಾದಾಗ ಸಾರ್ಜೆಂಟ್ ಪಕ್ಕದಲ್ಲಿ ಕೂತಿದ್ದರು. ಬೈಯ್ಯಲಿಲ್ಲ. ನೀರು ಕೊಟ್ಟು ಕೇಳಿದರು, "ಕಾಲ್ಬೆರಳು ಆಡಿಸ್ತಾ ಇದ್ಯಾ?"

ಇಲ್ಲ ಅಂದೆ.

"ಮತ್ತೆ ಹೇಗೆ ನಿಲ್ತೀಯ?"

ನನಗೆ ಆ ಕೆಲಸ ಅರ್ಥವಾದದ್ದು ಅವತ್ತು. ಅಲುಗಾಡದೆ ನಿಲ್ಲೋದು ಅಂದರೆ ಯಾರಿಗೂ ಕಾಣದ ಹಾಗೆ ಅಲುಗಾಡ್ತಾ ಇರೋದು. ಶೂ ಒಳಗೆ ಬೆರಳು ಮಡಚು, ಬಿಡು. ಮೀನಖಂಡ ಬಿಗಿ, ಸಡಿಲಿಸು. ಭಾರವನ್ನು ಹಿಮ್ಮಡಿಯಿಂದ ಪಾದದ ಮುಂಭಾಗಕ್ಕೆ ಒಂದು ಕೂದಲೆಳೆಯಷ್ಟು ತಂದು ಮತ್ತೆ ಹಿಂದಕ್ಕೆ ಒಯ್ಯಿ. ಹೊರಗೆ ಕಲ್ಲು, ಒಳಗೆ ಇಡೀ ಕಾರ್ಖಾನೆ ಓಡ್ತಿರುತ್ತೆ.

2023ರ ಜೂನ್‌ನಲ್ಲಿ ಲಂಡನ್ನಿನ ಸೈನಿಕ ಪೆರೇಡಿನ ಒಂದು ರಿಹರ್ಸಲ್ ವಿಡಿಯೋ ಎಲ್ಲ ಕಡೆ ಓಡಾಡಿತು, ನೋಡಿರಬಹುದು. ಸುಮಾರು 30 ಡಿಗ್ರಿ ಸೆಕೆ. ಉಣ್ಣೆಯ ಕೆಂಪು ಕೋಟು, ತಲೆ ಮೇಲೆ ಕರಡಿ ಚರ್ಮದ ಟೋಪಿ. ಒಬ್ಬರ ಹಿಂದೆ ಒಬ್ಬರು ಬಿದ್ದರು. ಬ್ಯಾಂಡಿನಲ್ಲಿದ್ದ ಟ್ರೊಂಬೋನ್ ವಾದಕನೊಬ್ಬ ಬಿದ್ದ, ಎದ್ದ, ಮತ್ತೆ ನುಡಿಸೋಕೆ ಹೋದ. ಜನ ನಕ್ಕರು. ನಮ್ಮ ಹಳೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬನೂ ನಗಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, "ನೀರು ಕುಡಿದಿರಲಿಲ್ವಾ?"

ಇನ್ನು ರಾತ್ರಿಗಳು. ಈ ಕೆಲಸದ ಅರ್ಧ ಭಾಗ ನಡೆಯೋದು ಬ್ಯಾರಕ್ಕಿನ ಕೋಣೆಯಲ್ಲಿ, ಕಾಲು ಚಾಚಿ ನೆಲದ ಮೇಲೆ ಕೂತುಕೊಂಡು. ಮಧ್ಯದಲ್ಲಿ ಪಾಲಿಶ್ ಡಬ್ಬಿ, ಮುಚ್ಚಳದಲ್ಲಿ ಸ್ವಲ್ಪ ನೀರು, ಹತ್ತಿ. ಬೆರಳಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಅಕ್ಕಿ ಕಾಳಿನಷ್ಟು ಪಾಲಿಶ್ ತೆಗೆದು, ಶೂ ಮೂತಿಯ ಮೇಲೆ ಪುಟ್ಟ ಪುಟ್ಟ ವೃತ್ತ. ಮೊದಲು ಮಂಜು ಕವಿದ ಹಾಗೆ ಆಗುತ್ತೆ. ಒಂದು ಹನಿ ನೀರು. ಮತ್ತೆ ವೃತ್ತ. ಜೋರಾಗಿ ಒತ್ತಿದರೆ ಕೆಳಗಿನ ಪದರ ಕಿತ್ತು ಬರುತ್ತೆ, ಎರಡು ಗಂಟೆ ಕೆಲಸ ನೀರಲ್ಲಿ ಹೋಮ. ಮೆತ್ತಗೆ, ಮತ್ತೂ ಮೆತ್ತಗೆ. ಯಾವುದೋ ಒಂದು ಗಳಿಗೆಯಲ್ಲಿ ಮಂಜು ಸರಿದು ಕೋಣೆಯ ಟ್ಯೂಬ್‌ಲೈಟ್ ಚರ್ಮದಲ್ಲಿ ಕಾಣಿಸಿಕೊಳ್ಳುತ್ತೆ. ಆಮೇಲೆ ನಿನ್ನ ಮುಖ. ಸುಸ್ತಾದ ಮುಖ.

ಪದಕಗಳನ್ನು ಸ್ಕೇಲ್ ಹಿಡಿದು ಅಳೆದು ಚುಚ್ಚುತ್ತಿದ್ದೆವು. ಕೋಟಿನ ದಾರಗಳನ್ನು ಲೈಟರಿನಿಂದ ಸುಡುತ್ತಿದ್ದೆವು. ಒಬ್ಬರ ಬೆನ್ನಿಗೆ ಇನ್ನೊಬ್ಬರು ಟೇಪ್ ಒತ್ತಿ ಧೂಳು ತೆಗೆಯಬೇಕು. ನಿನ್ನ ಬೆನ್ನು ನಿನಗೆ ಕಾಣಲ್ಲ ನೋಡಿ, ಹಾಗಾಗಿ ಜಗಳ ಆಡಿಕೊಂಡ ದಿನವೂ ಮಾತು ಬಿಡೋ ಹಾಗಿರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟ್ ಹಾಕಿದ ಮೇಲೆ ಕೂರೋ ಹಾಗಿಲ್ಲ, ಮಂಡಿ ಹತ್ತಿರ ಸುಕ್ಕು ಬೀಳುತ್ತೆ. ಬಸ್ಸಿನಲ್ಲೂ ನಿಂತೇ ಹೋಗುತ್ತಿದ್ದೆವು. ನಿಲ್ಲೋ ಕೆಲಸಕ್ಕೆ ನಿಂತೇ ಹೋಗೋದು, ನಿಂತೇ ವಾಪಸ್ಸು ಬರೋದು.

ಎಷ್ಟೋ ಜನ ನಮ್ಮನ್ನು ಆಟಿಕೆ ಸೈನಿಕರು ಅಂತ ಆಡಿಕೊಳ್ತಿದ್ದರು. ಬೇರೆ ರೆಜಿಮೆಂಟಿನವರಂತೂ ಜಾಸ್ತಿ. ನಾವೂ ಕಾಡಿಗೆ ಹೋಗಿ ಕೆಸರಲ್ಲಿ ತೆವಳುತ್ತಿದ್ದೆವು, ಗುಂಡು ಹೊಡೆಯುತ್ತಿದ್ದೆವು. ಈ ರೆಜಿಮೆಂಟಿನ ಕಂಪನಿಗಳು, ಅಂದರೆ ತುಕಡಿಗಳು, ಇರಾಕಿಗೂ ಹೋಗಿ ಬಂದಿವೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪಕ್ಕದ ಪೆಂಟಗನ್ನಿನ, ಅಂದರೆ ಸೈನ್ಯದ ಮುಖ್ಯ ಕಚೇರಿಯ, ಅವಶೇಷಗಳಿಂದ ಶವ ಹುಡುಕಿ ತೆಗೆದವರಲ್ಲಿ ಇಲ್ಲಿನವರೂ ಇದ್ದರು. ಆದರೂ ಆ ಹಂಗಿಸುವ ಮಾತು ನಾಟುತ್ತಿತ್ತು. ನಾನು ನಿಜವಾಗಿ ದಣಿದದ್ದು ಕೆಸರಲ್ಲಲ್ಲ, ಹುಲ್ಲಿನ ಮೇಲೆ. ಅದನ್ನು ಅವರಿಗೆ ಹೇಗೆ ವಿವರಿಸೋದು?

ನಾನು ಸೇರಿದ್ದು ಪೆಟ್ಟಿಗೆ ಹೊರುವ ತಂಡಕ್ಕೆ. ಎಂಟು ಜನ. ತೂಕ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸ. ಇಳಿಜಾರು, ಮೆಟ್ಟಿಲು, ಮಂಜು ಬಿದ್ದ ಹುಲ್ಲು, ಮಳೆ. ಎತ್ತುವಾಗ ಮುಖದಲ್ಲಿ ಭಾರ ಕಾಣಬಾರದು. ಆರ್ಡರ್ ಜೋರಾಗಿ ಕೂಗೋ ಹಾಗಿಲ್ಲ, ಮನೆಯವರು ಎದುರಿಗೇ ಕೂತಿರ್ತಾರೆ. ಪಿಸುಮಾತು, ಇಲ್ಲ ಅಂದರೆ ಬರೀ ಉಸಿರು. ತಂಡದ ಹಿರಿಯ ಮೂಗಿನಿಂದ ಉಸಿರು ಎಳೆದುಕೊಂಡರೆ ನಾವು ಎತ್ತುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಅದೂ ಬೇಕಾಗಲಿಲ್ಲ. ಪಕ್ಕದವನ ತೋಳು ಬಿಗಿಯಾಗೋದು ಗೊತ್ತಾಗುತ್ತಿತ್ತು, ಅಷ್ಟು ಸಾಕು.

ಪೆಟ್ಟಿಗೆ ಇಳಿಸಿದ ಮೇಲೆ, ಅದಕ್ಕೆ ಹೊದಿಸಿದ ಬಾವುಟ. ಒಂಬತ್ತೂವರೆ ಅಡಿ ಉದ್ದ, ಐದು ಅಡಿ ಅಗಲ. ಅದನ್ನು ಎಂಟೂ ಜನ ಸೊಂಟದ ಮಟ್ಟಕ್ಕೆ ಎಳೆದು ಹಿಡಿಯಬೇಕು, ಮೇಜಿನ ಹಾಗೆ ಚಪ್ಪಟೆ. ಪಾದ್ರಿಗಳ ಪ್ರಾರ್ಥನೆ ಮುಗಿಯೋವರೆಗೂ ಹಾಗೇ. ಬಾವುಟಕ್ಕೆ ಏನು ತೂಕ ಅಂತೀರಾ? ನಿಮ್ಮ ಮನೆಯ ಹೊದಿಕೆ ತಗೊಂಡು ಹದಿನೈದು ನಿಮಿಷ ಹಾಗೆ ಎಳೆದು ಹಿಡಿದು ನೋಡಿ. ಗಾಳಿ ಬೀಸಿದರೆ ಅದು ಹಾಯಿ. ನಾಲ್ಕನೇ ನಿಮಿಷಕ್ಕೆ ಭುಜ ಉರಿಯುತ್ತೆ. ಬಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ, ಬೆರಳುಗಳು ಸರದಿಯ ಮೇಲೆ ಕೆಲಸ ಹಂಚಿಕೊಳ್ಳುತ್ತಿರುತ್ತವೆ.

ಆಮೇಲೆ ಏಳು ಬಂದೂಕು, ಮೂರು ಸಲ. ಎಣಿಸಿದರೆ 21 ಆಗುತ್ತೆ, ಹಾಗಾಗಿ ಎಲ್ಲರೂ ಇದನ್ನೇ 21 ಗುಂಡಿನ ಗೌರವ ಅಂದುಕೊಳ್ತಾರೆ. ಅದು ಬೇರೆ, ಫಿರಂಗಿಯದು. ಇದು ಮೂರು ಸುತ್ತಿನ ಗುಂಡು, ಅಷ್ಟೇ. ನಂತರ ಬ್ಯೂಗಲ್. 'ಟ್ಯಾಪ್ಸ್' ಅನ್ನೋ ಆ ಧಾಟಿಯಲ್ಲಿ ಬರೀ 24 ಸ್ವರ. 1862ರಿಂದ ನುಡಿಸ್ತಿದ್ದಾರೆ. ಇಷ್ಟು ಚಿಕ್ಕದಾದರೂ ಬಲು ಕಷ್ಟ ಅಂತ ಬ್ಯೂಗಲ್‌ನವರು ಹೇಳುತ್ತಿದ್ದರು. ಚಳಿಯಲ್ಲಿ ತುಟಿ ಮರಗಟ್ಟಿರುತ್ತೆ, ಲೋಹ ತಣ್ಣಗಿರುತ್ತೆ, ತಪ್ಪಿದರೆ ಮುಚ್ಚಿಡೋಕೆ ಬೇರೆ ವಾದ್ಯ ಇರೋದಿಲ್ಲ. 1963ರಲ್ಲಿ ಅಧ್ಯಕ್ಷ ಕೆನಡಿ ಅವರ ಅಂತ್ಯಕ್ರಿಯೆಯಲ್ಲಿ ಆರನೇ ಸ್ವರ ಒಡೆಯಿತು. ಇಡೀ ದೇಶ ಕೇಳಿಸಿಕೊಂಡಿತು. ಅದು ಬಿಕ್ಕಿದ ಹಾಗೆ ಕೇಳಿಸಿತು ಅಂತ ಜನ ಇವತ್ತಿಗೂ ಹೇಳ್ತಾರೆ.

ಅದೇ ಮೆರವಣಿಗೆಯಲ್ಲಿ ಒಂದು ಕರೀ ಕುದುರೆ ಇತ್ತು, ಬ್ಲ್ಯಾಕ್ ಜ್ಯಾಕ್. ಸವಾರನಿಲ್ಲದ ಕುದುರೆ. ರಿಕಾಪಿನಲ್ಲಿ ಬೂಟುಗಳನ್ನು ಹಿಂದುಮುಂದಾಗಿ ಸಿಕ್ಕಿಸಿರುತ್ತಾರೆ. ಅದು ದಾರಿಯುದ್ದಕ್ಕೂ ಕುಣಿಯಿತು, ಎಳೆದಾಡಿತು, ತಲೆ ಒದರಿತು. ಹಿಡಿದಿದ್ದ ಹುಡುಗನಿಗೆ ಸಾಕುಸಾಕಾಗಿರಬೇಕು. ಆ ಕುದುರೆ ಸಾವಿರಕ್ಕೂ ಹೆಚ್ಚು ಅಂತ್ಯಕ್ರಿಯೆಗಳಲ್ಲಿ ನಡೆಯಿತು. 1976ರಲ್ಲಿ ಸತ್ತಾಗ ಸೈನಿಕ ಗೌರವದೊಂದಿಗೆ ನಮ್ಮ ಪೆರೇಡ್ ಮೈದಾನದಲ್ಲೇ ಮಣ್ಣು ಮಾಡಿದರು. ಅದರ ಕಲ್ಲಿನ ಮುಂದೆ ಹಾದುಹೋಗುವಾಗೆಲ್ಲ ನನಗೆ ಒಳಗೊಳಗೇ ನಗು. ಸಾವಿರಾರು ಹುಡುಗರು ಉಸಿರು ಹಿಡಿದು ನಿಲ್ಲೋದು ಕಲಿತ ಜಾಗ ಇದು. ಅವರಲ್ಲಿ ಒಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ. ಜನ ಹೆಸರಿಟ್ಟು ನೆನಪಿಸಿಕೊಳ್ಳೋದು ಕೊನೆಗೂ ನಿಲ್ಲೋದು ಕಲಿಯದ ಒಂದು ಕುದುರೆಯನ್ನ.

ಬಾವುಟ ಮಡಚೋದಕ್ಕೆ ಬರ್ತೀನಿ. ಉದ್ದಕ್ಕೆ ಎರಡು ಮಡಿಕೆ. ಆಮೇಲೆ ಪಟ್ಟೆಗಳ ಕಡೆಯಿಂದ ತ್ರಿಕೋನ, ತ್ರಿಕೋನದ ಮೇಲೆ ತ್ರಿಕೋನ. ಒಟ್ಟು 13. ಕೊನೆಗೆ ಉಳಿಯೋದು ನೀಲಿ ಬಟ್ಟೆ, ಬಿಳಿ ನಕ್ಷತ್ರ. ಕೆಂಪು ಒಂದು ದಾರದಷ್ಟೂ ಇಣುಕಬಾರದು. ನನ್ನ ಜಾಗ ಬಲಗಡೆ ಮೂರನೆಯದು. ಮಡಿಕೆ ನನ್ನ ಮುಂದೆ ಹಾದುಹೋಗುವಾಗ ಅಂಚನ್ನು ಹೆಬ್ಬೆರಳಿನಿಂದ ಸವರಿ ಬಿಗಿ ಮಾಡಬೇಕು. ಎರಡು ಸೆಕೆಂಡಿನ ಕೆಲಸ. ಅಭ್ಯಾಸದ ಮೊದಲ ವಾರ ನಾನು ಅಲ್ಲೇ ಸಡಿಲ ಬಿಟ್ಟೆ. ತ್ರಿಕೋನದ ಮೂಲೆಯಲ್ಲಿ ಕೆಂಪು ಇಣುಕಿತು, ಉಗುರಿನಷ್ಟು. ಸಾರ್ಜೆಂಟ್ ಏನೂ ಅನ್ನಲಿಲ್ಲ. ಬಾವುಟ ಕೈಗೆ ತಗೊಂಡು ಒಂದೇ ಸಲ ಒದರಿ ಪೂರ್ತಿ ಬಿಚ್ಚಿದರು. "ಮತ್ತೆ." ಕತ್ತಲಾಗೋವರೆಗೂ ಮತ್ತೆ, ಮತ್ತೆ. ಉಳಿದ ಏಳು ಜನ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರದ ದಿನಗಳಲ್ಲಿ ಆರ್ಲಿಂಗ್ಟನ್ನಿನಲ್ಲಿ ದಿನಕ್ಕೆ 25ಕ್ಕೂ ಹೆಚ್ಚು ಅಂತ್ಯಕ್ರಿಯೆಗಳು ನಡೆಯುತ್ತವೆ. ಕೆಲವು ದಿನ ನಮ್ಮ ತಂಡದ ಪಾಲಿಗೇ ನಾಲ್ಕೈದು. ನಮಗೆ ಅದು ಬೆಳಗ್ಗಿನ ಮೂರನೆಯದು, ಎದುರು ಕೂತವರಿಗೆ ಅದೊಂದೇ. ಇದನ್ನು ಯಾರೂ ಕೂರಿಸಿ ಪಾಠ ಮಾಡಲಿಲ್ಲ. ಎರಡನೇ ತಿಂಗಳಿಗೆ ತಾನಾಗಿಯೇ ಹೊಳೆಯಿತು. ಹೊಳೆಯದವರು ಬೇರೆ ಕಂಪನಿಗೆ ವರ್ಗ ಕೇಳಿಕೊಂಡು ಹೋದರು.

ಮನೆಯವರ ಕಣ್ಣಿಗೆ ಕಣ್ಣು ಕೊಡಬಾರದು. ದೂರದ ಒಂದು ಮರ ನೋಡಿಕೋ, ಅದರಲ್ಲಿ ಒಂದು ಕೊಂಬೆ ಹಿಡಿದುಕೋ. ಕಿವಿಗೆ ಮಾತ್ರ ಮುಚ್ಚಳ ಇಲ್ಲ, ಅದೇ ತೊಂದರೆ. ಒಂದು ಮಾರ್ಚ್ ತಿಂಗಳು, ಹಿಮ ಬೆರೆತ ಮಳೆ. ನಮ್ಮ ಕೋಟು ನೆಂದು ತೊಪ್ಪೆ. ತೀರಿಕೊಂಡವರ ಹೆಂಡತಿಗೆ ಎಂಬತ್ತರ ಮೇಲಿರಬೇಕು. ಅಧಿಕಾರಿ ಅವರ ಎದುರು ಮಂಡಿಯೂರಿ ಬಾವುಟ ಕೊಟ್ಟು, ಅಧ್ಯಕ್ಷರ ಪರವಾಗಿ, ಸೈನ್ಯದ ಪರವಾಗಿ, ಕೃತಜ್ಞ ದೇಶದ ಪರವಾಗಿ ಅಂತ ಹೇಳಬೇಕಾದ್ದನ್ನು ಹೇಳಿದರು. ಅಜ್ಜಿ ಬಾವುಟ ಮಡಿಲಲ್ಲಿಟ್ಟುಕೊಂಡು ಬಗ್ಗಿ ಕೇಳಿದರು, "ಚಳಿ ಆಗ್ತಿಲ್ವಾ ಮಗು?"

ಅಧಿಕಾರಿ "ಇಲ್ಲ ಅಮ್ಮ" ಅಂದರು. ನಾನು ನನ್ನ ಕೊಂಬೆ ಕಳೆದುಕೊಂಡೆ. ಎಲ್ಲೂ ಸಿಗಲಿಲ್ಲ. ಅವತ್ತು ಕಾಲ್ಬೆರಳನ್ನು ಎಷ್ಟು ಗಟ್ಟಿಯಾಗಿ ಮಡಚಿದ್ದೆ ಅಂದರೆ ರಾತ್ರಿ ಉಗುರು ಕಪ್ಪಾಗಿತ್ತು.

ಯಾರೂ ಇಲ್ಲದ ಅಂತ್ಯಕ್ರಿಯೆಗಳೂ ಇದ್ದವು. ಖಾಲಿ ಕುರ್ಚಿಗಳು. ಪಾದ್ರಿ, ನಾವು, ಜೊತೆಗೆ ಒಬ್ಬ ಹೆಂಗಸು. ಆರ್ಲಿಂಗ್ಟನ್ ಲೇಡೀಸ್ ಅಂತ ಒಂದು ಗುಂಪಿದೆ. ಯಾವ ಸೈನಿಕನೂ ಒಂಟಿಯಾಗಿ ಮಣ್ಣಿಗೆ ಹೋಗಬಾರದು ಅಂತ ಸ್ವಂತ ಇಷ್ಟದಿಂದ ಬಂದು ನಿಲ್ಲುವವರು. ವಾಯುಸೇನೆಯವರಿಗೆ 1948ರಿಂದ, ಭೂಸೇನೆಯವರಿಗೆ 1972ರಿಂದ ಬರ್ತಿದ್ದಾರೆ. ನೋಡೋರು ಯಾರೂ ಇಲ್ಲ, ಬೇಗ ಮುಗಿಸೋಣ ಅಂತ ಅನ್ನಿಸಲ್ವಾ ಅಂತ ಒಬ್ಬ ಗೆಳೆಯ ಕೇಳಿದ್ದ. ಅನ್ನಿಸಿದ್ದುಂಟು. ಸುಳ್ಳು ಯಾಕೆ ಹೇಳಲಿ? ಆದರೆ ನಮ್ಮ ಸಾರ್ಜೆಂಟ್ ಅಂಥ ದಿನಗಳಲ್ಲಿ ತ್ರಿಕೋನವನ್ನು ಎರಡು ಸಲ ತಿರುಗಿಸಿ ನೋಡುತ್ತಿದ್ದರು, ಕೆಂಪು ಇದೆಯಾ ಅಂತ. ಮನೆಯವರಿದ್ದಾಗ ಒಂದೇ ಸಲ.

ಆರ್ಲಿಂಗ್ಟನ್ನಿನಲ್ಲೇ ಇರುವ ಅಜ್ಞಾತ ಸೈನಿಕನ ಸಮಾಧಿ, ಅಂದರೆ ಗುರುತು ಸಿಗದ ಸೈನಿಕರ ಸಮಾಧಿ, ಅದರ ಕಾವಲಿನ ಬಗ್ಗೆ ಹೇಳದಿದ್ದರೆ ನೀವೇ ಕೇಳ್ತೀರಿ. ಅದೂ ನಮ್ಮ ರೆಜಿಮೆಂಟಿನದೇ, 1948ರಿಂದ. ಹಗಲು ರಾತ್ರಿ ಬಿಡದೆ ಕಾಯುವ ಪದ್ಧತಿ 1937ರಿಂದ ಇದೆ. 21 ಹೆಜ್ಜೆ, 21 ಸೆಕೆಂಡ್ ನಿಲುಗಡೆ, ತಿರುಗು, ಮತ್ತೆ 21 ಹೆಜ್ಜೆ. ಬಂದೂಕು ಯಾವಾಗಲೂ ಸಮಾಧಿಯಿಂದ ಆಚೆ ಕಡೆಯ ಭುಜದ ಮೇಲೆ. ಹಿಡಿತ ಜಾರದಿರಲಿ ಅಂತ ಗ್ಲೌಸ್ ಒದ್ದೆ ಮಾಡಿಕೊಳ್ತಾರೆ. ನಡೆಯುವವನ ತೋಳಿನ ಮೇಲೆ ದರ್ಜೆಯ ಗುರುತು ಇರೋದಿಲ್ಲ. ಒಳಗೆ ಮಲಗಿದವನ ದರ್ಜೆ ಗೊತ್ತಿಲ್ಲವಲ್ಲ, ಅವನಿಗಿಂತ ಮೇಲಿನವನಾಗಿ ಕಾಣಬಾರದು ಅಂತ. ನನಗೆ ಅಲ್ಲಿ ತುಂಬಾ ಇಷ್ಟವಾದ ನಿಯಮ ಇದೇ. ವಿಯೆಟ್ನಾಂ ಯುದ್ಧದ ಅಜ್ಞಾತನನ್ನು 1998ರಲ್ಲಿ ಹೊರತೆಗೆದು, ಡಿಎನ್ಎ ಪರೀಕ್ಷೆ ಮಾಡಿ, ಹೆಸರು ಪತ್ತೆ ಹಚ್ಚಿ ಮನೆಯವರಿಗೆ ಒಪ್ಪಿಸಿದರು. ಆ ಗುಂಡಿ ಈಗ ಖಾಲಿ. ಕಾವಲು ಅದಕ್ಕೂ ಇದೆ.

ನಾನೂ ಅಲ್ಲಿಗೆ ಪ್ರಯತ್ನಪಟ್ಟೆ. ಎರಡೇ ವಾರ. ಸ್ಮಶಾನದ ಇತಿಹಾಸ ಪುಟಗಟ್ಟಲೆ ಬಾಯಿಪಾಠ ಒಪ್ಪಿಸಬೇಕು, ಒಂದು ಪದ ಆಚೀಚೆ ಆಗಬಾರದು. ನನ್ನ ಕಾಲು ಸರಿಯಿತ್ತು, ನಾಲಿಗೆ ಕೈಕೊಟ್ಟಿತು. ವಾಪಸ್ಸು ಪೆಟ್ಟಿಗೆ ತಂಡಕ್ಕೆ. ಬೇಜಾರಾಯಿತು, ಹೋಯಿತು.

ಮೇ ತಿಂಗಳಲ್ಲಿ, ಸತ್ತ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇಗೆ ಮುಂಚಿನ ಗುರುವಾರ, ಇಡೀ ರೆಜಿಮೆಂಟ್ ಸ್ಮಶಾನಕ್ಕೆ ಇಳಿಯುತ್ತೆ. ಪ್ರತಿ ಕಲ್ಲಿನ ಮುಂದೆ ಒಂದು ಪುಟ್ಟ ಬಾವುಟ. ಎರಡೂವರೆ ಲಕ್ಷಕ್ಕೂ ಜಾಸ್ತಿ ಕಲ್ಲು, ಕೆಲವೇ ಗಂಟೆಗಳ ಕೆಲಸ. ಅಳತೆಗೆ ಟೇಪ್ ಇಲ್ಲ. ಬೂಟಿನ ಒಂದು ತುದಿಯನ್ನು ಕಲ್ಲಿಗೆ ತಾಗಿಸು, ಇನ್ನೊಂದು ತುದಿ ಎಲ್ಲಿ ಬರುತ್ತೋ ಅಲ್ಲಿ ಚುಚ್ಚು. ವರ್ಷಕ್ಕೆ ಆ ಒಂದು ದಿನ ನಮಗೆ ಸ್ಮಶಾನದಲ್ಲಿ ಓಡಾಡುವ, ಬಗ್ಗುವ, ಬೆವರು ಒರೆಸಿಕೊಳ್ಳುವ ಸ್ವಾತಂತ್ರ್ಯ. ಹೆಸರುಗಳನ್ನು ಓದುವ ಸ್ವಾತಂತ್ರ್ಯ ಕೂಡ. ಅಂತ್ಯಕ್ರಿಯೆಯ ದಿನ ಕಲ್ಲು ಇನ್ನೂ ಇರೋದಿಲ್ಲ. ನಾನು ಹೊತ್ತವರ ಹೆಸರುಗಳು ನನಗೆ ಸಿಕ್ಕಿದ್ದು ಹೀಗೆ, ತಿಂಗಳುಗಳಾದ ಮೇಲೆ, ಕೈಯಲ್ಲಿ ಬಾವುಟದ ಕಟ್ಟು ಹಿಡಿದು ಬಗ್ಗಿದಾಗ.

ಸೈನ್ಯ ಬಿಟ್ಟು ವರ್ಷಗಳಾಗಿವೆ. ಈಗ ಕೂತು ಮಾಡುವ ಕೆಲಸ. ಕ್ಯೂನಲ್ಲಿ ನಿಂತರೆ ಕಾಲ್ಬೆರಳು ತಾನಾಗಿಯೇ ಆಡುತ್ತೆ. ಹೆಂಡತಿ ಜೊತೆ ಹೊದಿಕೆ ಮಡಚುವಾಗ ಅಂಚನ್ನು ಹೆಬ್ಬೆರಳಿನಿಂದ ಸವರ್ತೀನಿ, ಅವಳು ನಗ್ತಾಳೆ.

ಹೋದ ವಸಂತದಲ್ಲಿ ಆ ಕಡೆ ಹೋಗಿದ್ದಾಗ ಆರ್ಲಿಂಗ್ಟನ್ನಿಗೆ ಹೋದೆ, ಎಲ್ಲರ ಹಾಗೆ ಗೇಟಿನಿಂದ. ಒಂದು ದಿಬ್ಬದ ಆಚೆ ಅಂತ್ಯಕ್ರಿಯೆ ನಡೀತಿತ್ತು. ದೂರದಲ್ಲೇ ನಿಲ್ಲಬೇಕು ಅಂದುಕೊಂಡರೂ ಕಾಲುದಾರಿ ಸ್ವಲ್ಪ ಹತ್ತಿರಕ್ಕೇ ಕರೆದುಕೊಂಡು ಹೋಯಿತು. ಎಂಟು ಹುಡುಗರು ಬಾವುಟ ಎಳೆದು ಹಿಡಿದಿದ್ದರು. ಗಾಳಿ ಇತ್ತು. ಪಾದ್ರಿ ನಿಧಾನಕ್ಕೆ ಓದುತ್ತಿದ್ದರು. ಬಲಗಡೆ ಮೂರನೆಯವನನ್ನು ನೋಡಿದೆ, ನೋಡದೆ ಇರೋಕಾಗುತ್ತಾ. ಇಪ್ಪತ್ತು ವರ್ಷ ಇರಬಹುದು. ಮುಖ ಕಲ್ಲು. ಕಣ್ಣು ಯಾವುದೋ ಕೊಂಬೆಯ ಮೇಲೆ. ಶೂ ಮೂತಿ ಕನ್ನಡಿಯ ಹಾಗೆ, ಅದರಲ್ಲಿ ಒಂದು ಚೂರು ಬಿಳಿ ಮೋಡ ಕಾಣ್ತಿತ್ತು. ನಾನು ನೋಡ್ತಾ ಇದ್ದ ಹಾಗೇ ಆ ಮೋಡ ಒಂದು ಕೂದಲೆಳೆಯಷ್ಟು ಅಲುಗಿತು, ನಿಂತಿತು, ಮತ್ತೆ ಅಲುಗಿತು.